ದೋಣಿಯಂಚಿನ ಮೂರು ಬಡಿತ

ನನ್ನ ತಂಗಿ ಎನಿಫಾಳ ಗಂಡ ಲುಫೆಯೊ ಶಿರೆ ಹೊಳೆಯಲ್ಲಿ ಮೂವತ್ತು ವರ್ಷದಿಂದ ದೋಣಿ ನಡೆಸುತ್ತಿದ್ದಾನೆ. ಮಾತು ಕಡಿಮೆ, ಹಟ ಜಾಸ್ತಿ. ಮದುವೆಯಾದವನು ಹೆಂಡತಿಯ ಊರಿಗೆ ಬಂದಿರುವುದು ನಮ್ಮ ಪದ್ಧತಿ. ಇವನು ಮಾತ್ರ ದೋಣಿಯ ನೆಪ ಹೇಳಿ ಆಚೆ ದಡದಲ್ಲೇ ಉಳಿದ, ನನ್ನ ತಂಗಿಯನ್ನೂ ಅಲ್ಲೇ ಇಟ್ಟುಕೊಂಡ. ಆ ಸಿಟ್ಟನ್ನು ನಾನು ಬಹುಕಾಲ ಬಿಡಲಿಲ್ಲ.

ಕಡವಿನಿಂದ ಹೊರಡುವ ಮುಂಚೆ ಅವನು ಹುಟ್ಟಿನ ಹಿಡಿಯಿಂದ ದೋಣಿಯಂಚಿಗೆ ಮೂರು ಸಲ ಬಡಿಯುತ್ತಿದ್ದ. ಆಮೇಲೆ ಕಾಯುತ್ತಿದ್ದ. ತಳದಲ್ಲಿ ಬಿದ್ದಿದ್ದ ನೀರಾನೆಗಳು ಒಂದೊಂದಾಗಿ ಮೇಲೆದ್ದು, ಬುಸ್ಸೆಂದು ಉಸಿರು ಬಿಟ್ಟು, ಕಿವಿ ಕೊಡವುತ್ತಿದ್ದವು. ಮರಿ ಎಲ್ಲಿದೆ, ತಾಯಿ ಎಲ್ಲಿದೆ ಎಂದು ನೋಡಿಕೊಂಡು, ಅವುಗಳಿಗೆ ಆಳದ ನೀರು ಬಿಟ್ಟುಕೊಟ್ಟು, ಬಳಸಿ ಹೋಗುತ್ತಿದ್ದ.

ಮೀನು ಮಾರುವ ಹೆಂಗಸರು ಅವನನ್ನು ಗೋಳು ಹುಯ್ದುಕೊಳ್ಳುತ್ತಿದ್ದರು. "ಏನಪ್ಪಾ, ಯಜಮಾನರ ಬಾಗಿಲು ತಟ್ಟಿದ್ದಾಯ್ತಾ? ಇಲ್ಲಿ ಮೀನು ನಾತ ಹೊಡೀತಿದೆ!"

"ಅವರ ಮನೆ ಕಣಮ್ಮ. ಹೇಳದೆ ಕೇಳದೆ ನುಗ್ಗಿದ್ರೆ ನಿನ್ನ ಗಂಡನಾದ್ರೂ ಸುಮ್ನಿರ್ತಾನಾ?" ಎನ್ನುತ್ತಿದ್ದ.

ಹುಟ್ಟಿದ ಐದು ಮಕ್ಕಳಲ್ಲಿ ನಾಲ್ಕನ್ನು ಜ್ವರ ತಿಂದಿತ್ತು. ಉಳಿದವಳು ಫಾಲೆಸಿ ಒಬ್ಬಳೇ. ಚಿಕ್ಕವಳಿದ್ದಾಗ ಒಮ್ಮೆ ದೋಣಿಯಲ್ಲಿ ನನ್ನ ತೊಡೆಯ ಮೇಲೆ ಕೂತು, ಬಾಯಿ ತೆರೆದ ನೀರಾನೆಯನ್ನು ತೋರಿಸಿ, "ಅಪ್ಪಾ, ಅದು ಆಕಳಿಸ್ತಿದೆ ನೋಡು, ನಿದ್ದೆ ಬಂದಿದೆ," ಎಂದಳು. ಲುಫೆಯೊ ಆಗಲೇ ದೋಣಿ ಹಿಂದಕ್ಕೆ ತಿರುಗಿಸುತ್ತಿದ್ದ. "ನಿದ್ದೆಯಲ್ಲ ಮಗಾ. ಹಲ್ಲು ತೋರಿಸ್ತಿದೆ. ಹಿಂದೆ ಹೋಗು ಅಂತ."

ಫಾಲೆಸಿಗೆ ಹದಿನೇಳು ತುಂಬಿದ ವರ್ಷ ಬೇಸಿಗೆಯಲ್ಲಿ ಹೊಳೆ ಬಹಳ ಇಳಿಯಿತು. ನೀರಾನೆಗಳೆಲ್ಲ ಉಳಿದ ಮಡುಗಳಲ್ಲಿ ಒತ್ತೊತ್ತಾಗಿ ಸೇರಿಕೊಂಡು ಕಾದಾಡುತ್ತಿದ್ದವು. ಗಂಡು ನೀರಾನೆಯನ್ನು ನಾವು ಹೋರಿ ಎನ್ನುತ್ತೇವೆ. ಹರೆಯದ ಹೋರಿಯೊಂದು ಮುದಿ ಹೋರಿಯ ಬೆನ್ನನ್ನು ಕೋರೆಯಿಂದ ಸೀಳಿ ಗುಂಪಿನಿಂದ ಓಡಿಸಿತು. ಗುಂಪಾದರೆ ಒಂದಲ್ಲ ಒಂದು ತಲೆ ನೀರಿನ ಮೇಲೆ ಕಂಡೇ ಕಾಣುತ್ತದೆ. ಒಂಟಿ ಹೋರಿ ಎಲ್ಲಿ ಮಲಗಿದೆಯೋ, ಬಡಿಯದೆ ಗೊತ್ತಾಗುವುದಿಲ್ಲ.

ಅದೇ ತಿಂಗಳು ಎನಿಫಾ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ನಮ್ಮ ಹೆಣ್ಣುಮಕ್ಕಳನ್ನು ತಾಯಿಯ ಊರಿನಲ್ಲೇ ಮಣ್ಣು ಮಾಡಬೇಕು. ನಾನು ಆಚೆ ದಡಕ್ಕೆ ಹೋಗಿ ಅವಳ ಮೈ ತೊಳೆದು, ಚಾಪೆಯಲ್ಲಿ ಸುತ್ತಿ, ದೋಣಿಯಲ್ಲಿ ಮಲಗಿಸಿದೆ. ಫಾಲೆಸಿ ತಾಯಿಯ ಕಾಲು ಹಿಡಿದು ಕೂತಳು.

ಲುಫೆಯೊ ಹುಟ್ಟು ಎತ್ತಿದ. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ.

ಹೆಣವಿರುವ ದೋಣಿಯಲ್ಲಿ ಮರಕ್ಕೆ ಬಡಿಯಬಾರದು. ಬಡಿದರೆ ಸತ್ತವರು ತಮ್ಮನ್ನು ಕರೆದರೆಂದು ಎದ್ದು, ತಮ್ಮವರಲ್ಲೊಬ್ಬರನ್ನು ಜೊತೆಗೆ ಕರೆದೊಯ್ಯುತ್ತಾರೆ. ನಮ್ಮಜ್ಜಿ ಹೇಳಿದ್ದು, ಅವಳ ಅಜ್ಜಿಯೂ ಹೇಳಿದ್ದು.

"ಅತ್ತಿಗೆ, ಒಂಟಿ ಹೋರಿ ಇದೆ," ಎಂದ. "ಮೂರೇ ಮೂರು ಸಲ."

"ನಿನ್ನ ಹಟಕ್ಕೆ ಇರೋ ಒಬ್ಬಳು ಮಗಳನ್ನೂ ಕಳ್ಕೊಳ್ತೀಯಾ? ಬದುಕಿದ್ದಾಗಂತೂ ನನ್ನ ತಂಗೀನ ನಮ್ಮೂರಿಗೆ ಕಳಿಸ್ಲಿಲ್ಲ. ಸತ್ತ ಮೇಲಾದ್ರೂ ನಮ್ಮ ಮಾತು ನಡೀಲಿ."

ಅವನು ಮಗಳ ಮುಖ ನೋಡಿದ. ಹುಟ್ಟನ್ನು ಮೆಲ್ಲಗೆ ನೀರಿಗಿಳಿಸಿದ.

ನಡುಹೊಳೆಯಲ್ಲಿ ಗುಳ್ಳೆಗಳ ಸಾಲೊಂದು ನಮ್ಮತ್ತಲೇ ಬಂತು. ಲುಫೆಯೊ ದೋಣಿ ತಿರುಗಿಸುವಷ್ಟರಲ್ಲಿ ಒಂಟಿ ಹೋರಿ ಕೆಳಗಿನಿಂದ ಎದ್ದು ನಮ್ಮನ್ನೆಲ್ಲ ನೀರಿಗೆ ಚೆಲ್ಲಿತು. ಮಗುಚಿದ ದೋಣಿಯನ್ನು ತಬ್ಬಿ ನಾನು ಎಲ್ಲವನ್ನೂ ಕಂಡೆ. ಹುಲ್ಲು ತಿನ್ನುವ ಪ್ರಾಣಿ ಅದು. ತಿನ್ನುವುದಕ್ಕೆಂದು ಕಚ್ಚಲಿಲ್ಲ. ಫಾಲೆಸಿಯನ್ನು ಒಂದೇ ಸಲ ಕಚ್ಚಿ, ಬಿಟ್ಟು, ಮುಳುಗಿ ಹೋಯಿತು.

ಲುಫೆಯೊ ಅವಳನ್ನು ಮರಳು ದಿಬ್ಬಕ್ಕೆ ಎಳೆದು ತಂದ. "ಅಮ್ಮನ್ನ ಹಿಡ್ಕೊಂಡೇ ಇದ್ದೆ ಅಪ್ಪಾ, ಕೈ ಜಾರಿತು," ಎಂದಳು. ಅಷ್ಟೇ. ಮಧ್ಯಾಹ್ನದೊಳಗೆ ಹೋದಳು. ತಾಯಿಯ ಹೆಣ ಚಾಪೆಯ ಸಮೇತ ಮಾರನೆಯ ದಿನ ಜೊಂಡಿನಲ್ಲಿ ಸಿಕ್ಕಿತು. ಇಬ್ಬರನ್ನೂ ನಮ್ಮ ದಡದಲ್ಲಿ ಅಕ್ಕಪಕ್ಕ ಮಣ್ಣು ಮಾಡಿದೆವು.

ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಉಗಿದು ಉಪ್ಪು ಹಾಕಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಇನ್ನೊಂದು ಮರ ಕೊರೆದು ದೋಣಿ ಮಾಡಿಕೊಂಡ, ಮೊದಲಿನಂತೆ ಕಡವಿಗೆ ನಿಂತ.

ಈಗ ನನ್ನ ಕಾಲು ಬಾತುಕೊಂಡಿದೆ. ವಾರಕ್ಕೊಮ್ಮೆ ಆಚೆ ದಡದ ಆಸ್ಪತ್ರೆಗೆ ಅವನೇ ದಾಟಿಸುತ್ತಾನೆ. ಮೊನ್ನೆ ಅವನು ಬಡಿದು, ತಲೆಗಳು ಏಳುವುದನ್ನು ಕಾಯುತ್ತಿದ್ದಾಗ, ಏಳು ವರ್ಷದಿಂದ ಹೇಳದೆ ಉಳಿದಿದ್ದನ್ನು ಹೇಳಿಬಿಟ್ಟೆ.

"ಲುಫೆಯೊ, ನಾನು ಆಸ್ಪತ್ರೇಲೇ ಸತ್ರೆ, ನನ್ನನ್ನ ಈಚೆ ದಡಕ್ಕೆ ತರುವಾಗ ಬಡಿಯಪ್ಪಾ."

ಅವನು ನೀರಿನಿಂದ ಕಣ್ಣು ತೆಗೆಯಲಿಲ್ಲ.

"ಬಡೀತೀನಿ ಅತ್ತಿಗೆ. ನೀನು ಎದ್ರೆ ಏಳು. ಕರ್ಕೊಂಡು ಹೋಗೋಕೆ ಇನ್ಯಾರು ಉಳಿದಿದ್ದಾರೆ?"