ಅವ್ವ ಹತ್ತಿದ ಕೆಲಮಂಗಲದ ಬಸ್ಸು

ಶನಿವಾರ ಊಟದ ಬ್ರೇಕ್‌ನಲ್ಲಿ ಲಾಕರ್‌ನಿಂದ ಫೋನ್ ತೆಗೆದರೆ, ಗೊತ್ತಿಲ್ಲದ ಒಂದೇ ನಂಬರಿನಿಂದ ಸಾಲು ಸಾಲು ಮಿಸ್ಡ್ ಕಾಲ್.

ವಾಪಸ್ ಮಾಡಿದೆ. ಆ ಕಡೆ ಒಬ್ಬ ಹೆಂಗಸು.

"ಸುಧಾನೇನಮ್ಮಾ? ನಿಮ್ಮಮ್ಮ ನಮ್ಮನೇಲವ್ರೆ, ಕೆಲಮಂಗಲ್ದಾಗೆ. ಗಾಬ್ರಿ ಬೀಳ್ಬ್ಯಾಡ."

ಕೆಲಮಂಗಲದಲ್ಲಾ? ಬೆಳಿಗ್ಗೆ ತಾನೇ ಅವ್ವನನ್ನು ಹೊಸೂರಿನ ನನ್ನ ರೂಮಿನಲ್ಲಿ ಬಿಟ್ಟು, ಬಾಗಿಲು ಹಾಕಿಕೊಂಡಿರು, ಸಂಜೆ ಬರ್ತೀನಿ ಎಂದು ಹೇಳಿ ಡ್ಯೂಟಿಗೆ ಬಂದಿದ್ದೆ...

ನಮ್ಮದು ರಾಣೆಬೆನ್ನೂರು ಕಡೆ. ನಾನು ಇಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಸೆಕ್ಷನ್‌ನಲ್ಲಿದ್ದೇನೆ. ಮಗಳು ತಮಿಳುನಾಡಿನಲ್ಲಿ ಒಬ್ಬಳೇ ಇದ್ದಾಳೆ ಅನ್ನುವುದು ಅವ್ವನಿಗೆ ಮೊದಲಿಂದಲೂ ಸಮಾಧಾನವಿಲ್ಲದ ವಿಷಯ.

ಆ ವಾರ ಸೋದರಮಾವ ಅವಳನ್ನು ಕರೆತಂದು ಬಿಟ್ಟು ಹೋಗಿದ್ದ. ಬಂದವಳು ಬ್ಯಾಗ್ ಇಡುವ ಮೊದಲೇ ಹೇಳಿದ್ದಳು.

"ನಾಕ ದಿನ ಇದ್ದು ನೋಡ್ತೀನಿ. ನನಗ ಸರಿ ಅನಸ್ಲಿಲ್ಲಂದ್ರ ನಿನ್ನ ಕರಕೊಂಡ ಹೋಗಾಕಿ ನೋಡು."

ಇದು ಬರೀ ಬೆದರಿಕೆ ಅಲ್ಲ. ಊರಿನಲ್ಲಿ ನನಗೊಂದು ಸಂಬಂಧವನ್ನೂ ನೋಡಿಟ್ಟಿದ್ದರು. ಇಲ್ಲಿ ಅವಳಿಗೆ ನೀರು ಸರಿ ಇಲ್ಲ, ಅಂಗಡಿಯ ಬೋರ್ಡ್ ಓದಲು ಬರುವುದಿಲ್ಲ, ಕೆಳಗಿನ ಮನೆಯವರ ಮಾತು ತಿಳಿಯುವುದಿಲ್ಲ.

ಈಗ ದಾರಿಯನ್ನೂ ತಪ್ಪಿಸಿಕೊಂಡಳು. ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಆದರೆ ಆ ಕ್ಷಣಕ್ಕೆ ಕೆಲಸವೂ ಬೇಡ, ಅವ್ವನ ಮುಖ ಕಂಡರೆ ಸಾಕು ಅನ್ನಿಸುತ್ತಿತ್ತು.

ಜೊತೆಗೆ ಕೆಲಸ ಮಾಡುವ ಮಂಜುಳಾ ಇಲ್ಲೇ ಹತ್ತಿರದ ತಳಿ ಎಂಬ ಊರಿನ ಕಡೆಯವಳು, ಮನೆಮಾತು ಕನ್ನಡ. ಸೂಪರ್‌ವೈಸರ್ ಹತ್ತಿರ ಅವಳೇ ಪರ್ಮಿಷನ್ ಕೇಳಿದಳು, ಅವಳೇ ಸ್ಕೂಟಿ ತೆಗೆದಳು.

"ಕೆಲಮಂಗಲ ಏನ್ ದೂರ್ದಾಗ್ ಐತಾ? ಕೂತ್ಕೋ. ಅಳ್ಬ್ಯಾಡ ಕಣೆ."

ದಾರಿಯುದ್ದಕ್ಕೂ ಏನೇನೋ ಕಲ್ಪನೆ. ಬಿದ್ದಿರಬಹುದಾ? ಬಿಸಿಲಿಗೆ ತಲೆ ತಿರುಗಿತಾ? ಒಬ್ಬಳೇ ಎಲ್ಲಾದರೂ ಅಳುತ್ತಾ ಕೂತಿದ್ದಳಾ?

ಹೋಗಿ ನೋಡಿದರೆ... ಅವ್ವ ಜಗಲಿಯ ಮೇಲೆ ಕಾಲು ಮಡಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ. ಬಾಯಲ್ಲಿ ಎಲೆ ಅಡಿಕೆ.

"ಬಂದ್ಯಾ? ಊಟ ಆತೇನು?" ಅನ್ನುತ್ತಾಳೆ.

ಅಳು ಬರುತ್ತಿತ್ತು, ಬಾಯಿಂದ ಬಂದದ್ದು ಸಿಟ್ಟು. "ಯಾಕವ್ವ ಹೊರಗ ಬಂದಿ? ಫೋನರ ಒಯ್ಯಬಾರದಾ?"

"ನಿನಗ ಬಿಸಿ ರೊಟ್ಟಿ ಮುಟ್ಟಿಸೂಣಂತ ಬಂದ್ನೆವಾ. ಫೋನ್ ಚಾರ್ಜಿಗೆ ಇಟ್ಟಿದ್ದೆ, ಮರತೆ."

ಆಗಿದ್ದು ಇಷ್ಟು. ರೊಟ್ಟಿ, ಪಲ್ಯ ಕಟ್ಟಿಕೊಂಡು, ಫ್ಯಾಕ್ಟರಿ ಹೆಸರು ಹೇಳಿ ಕೇಳಿ, ಆ ಕಡೆ ಹೋಗುವ ಬಸ್ಸನ್ನು ಸರಿಯಾಗಿಯೇ ಹತ್ತಿದ್ದಳು. ಊರಿನಲ್ಲಿ ಹೆಂಗಸರು ಮಾಡುವ ಹಾಗೆ ಕಂಡಕ್ಟರ್‌ಗೆ ಆಧಾರ್ ಕಾರ್ಡ್ ತೋರಿಸಿದ್ದಾಳೆ. ಇಲ್ಲಿನ ಟೌನ್ ಬಸ್ಸಿನಲ್ಲೂ ಹೆಂಗಸರಿಗೆ ಫ್ರೀ, ಕಾರ್ಡ್ ಕೇಳುವುದಿಲ್ಲ; ಅವನು ನಕ್ಕು, ಕಾರ್ಡ್ ನೋಡದೆಯೇ ಫ್ರೀ ಟಿಕೆಟ್ ಕೊಟ್ಟಿದ್ದಾನೆ.

ಆದರೆ ನಮ್ಮ ಸ್ಟಾಪನ್ನು ಕಂಡಕ್ಟರ್ ಕೂಗುವುದು ಹಳ್ಳಿಯ ಹೆಸರಿನಿಂದ. ಫ್ಯಾಕ್ಟರಿ ಹೆಸರನ್ನೇ ಕಾಯುತ್ತಾ ಕೂತ ಅವ್ವ ಇಳಿಯಲೇ ಇಲ್ಲ.

ಕೆಲಮಂಗಲ ಬರುವ ಹೊತ್ತಿಗೆ ಗಾಬರಿಯಿಂದ ತನ್ನಷ್ಟಕ್ಕೇ ಏನೋ ಅಂದುಕೊಂಡಳಂತೆ. ಪಕ್ಕದ ಸೀಟಿನಲ್ಲಿದ್ದ ಯಶೋದಮ್ಮನಿಗೆ ಅದು ಕೇಳಿಸಿದೆ. ನನಗೆ ಫೋನ್ ಮಾಡಿದವರು ಅವರೇ.

"ಕನ್ನಡದ ಮಾತೇ, ಆದ್ರೆ ಬಿರ್‍ರನೆ ಬತ್ತದೆ. ಅರ್ಧ ಅರ್ಥಾಗ್ಲಿಲ್ಲ," ಎಂದರು ಯಶೋದಮ್ಮ. "ನಿನ್ ನಂಬರ್ ಮಾತ್ರ ಪಟಪಟಾಂತ ಏಳುದ್ರು. ನೀನು ಎತ್ಲೇ ಇಲ್ಲ. ಬಸ್‌ಸ್ಟ್ಯಾಂಡ್ನಾಗೆ ಬುಟ್ಟು ಬರಕ್ಕಾಯ್ತದಾ? ಮನೆಗೇ ಕರ್ಕೊಂಡ್ ಬಂದೆ."

ನನಗೆ ತಂದ ರೊಟ್ಟಿ ಅವರ ಮನೆಯವರ ಹೊಟ್ಟೆ ಸೇರಿತ್ತು. ಅವ್ವನಿಗೆ ಅವರು ಮುದ್ದೆ, ಅವರೆಕಾಳು ಸಾರು ಬಡಿಸಿದ್ದರು.

"ನಿಮ್ಮಮ್ಮ ಮುದ್ದೆ ಅಗೀತಾರೆ ಕಣಮ್ಮಾ. ನುಂಗ್ಬೇಕು ಅಂದ್ರೆ ಕೇಳಂಗಿಲ್ಲ."

"ಹಲ್ಲದಾವು, ಅಗಿತೀನಿ," ಎಂದಳು ಅವ್ವ. ಇಬ್ಬರೂ ನಕ್ಕರು. ಇಲ್ಲಿಗೆ ಬಂದ ಮೇಲೆ ಅವ್ವ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊರಡುವಾಗ ಯಶೋದಮ್ಮ ಸುಲಿದ ಕಾಳನ್ನೆಲ್ಲ ಅವ್ವನ ಚೀಲಕ್ಕೆ ಸುರಿದರು.

ಮಂಜುಳಾ ಸ್ಕೂಟಿಯಲ್ಲಿ ಹೋದಳು. ನಾವಿಬ್ಬರು ಬಸ್ಸು ಹತ್ತಿದೆವು. ಅವ್ವ ಕಿಟಕಿ ಪಕ್ಕ ಕೂತಳು. ಬೈಗುಳಕ್ಕೆ, ಊರಿಗೆ ಹೊರಡು ಎನ್ನುವ ಮಾತಿಗೆ ನಾನು ತಯಾರಾಗಿದ್ದೆ.

"ಸುಧಾ, ನಾ ಒಬ್ಬಾಕಿನ ಬಸ್ ಹತ್ತಿದ್ದು ಇವತ್ತ ಮೊದಲು."

ನಾನು ನಂಬಲಿಲ್ಲ. ನೆನಪು ಮಾಡಿಕೊಂಡೆ... ಅಪ್ಪ ಇರುವವರೆಗೂ ಅಪ್ಪನ ಜೊತೆ, ಆಮೇಲೆ ಮಾವನ ಜೊತೆ. ಅವಳ ಟಿಕೆಟ್ ಯಾವಾಗಲೂ ಬೇರೆ ಯಾರದ್ದೋ ಕೈಯಲ್ಲಿರುತ್ತಿತ್ತು.

"ಹೆದರಿಕಿ ಆತೇನವ್ವ?"

"ಆತು. ಇಳಿಯೂದು ಎಲ್ಲಿ ಅಂತ ತಿಳಿವಲ್ದು. ಆದ್ರ ಅದಕ್ಕೂ ಮದಲ, ಬಸ್ ಊರ್ ಬಿಟ್ ಮ್ಯಾಲೆ, ಕಿಡಕ್ಯಾಗ ಗಾಳಿ ಬಂತು ನೋಡು... ಚಲೋ ಅನಸ್ತು." ನನ್ನ ಕಡೆ ತಿರುಗಿ ಕೇಳಿದಳು, "ನಿನಗೂ ಇಲ್ಲಿ ಹಂಗ ಅನಸ್ತೈತೇನು?"

ಹೌದೆಂದು ತಲೆ ಆಡಿಸಿದೆ. ಅವಳು ಮತ್ತೆ ಹೊರಗೆ ನೋಡತೊಡಗಿದಳು.

ಮರುದಿನ ಚಹಾ ಕುಡಿಯುತ್ತಾ ಮಾವನಿಗೆ ಫೋನ್ ಮಾಡಿದಳು. "ಆ ಗಂಡಿನ ಕಡೆ ಮಂದಿಗೆ ಈಗ ಬ್ಯಾಡಂತ ಹೇಳ್ಬಿಡು. ಆಕಿ ಇಲ್ಲೇ ಇರ್ತಾಳ. ನೀನೂ ಬರಬ್ಯಾಡ, ನಾನ ಬರ್ತೀನಿ."

ಸೋಮವಾರ ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ಅವ್ವ ಒಬ್ಬಳೇ ಬೆಂಗಳೂರಿನ ಬಸ್ಸು ಹತ್ತಿದಳು. ಅಲ್ಲಿಂದ ರಾಣೆಬೆನ್ನೂರಿನ ಬಸ್ಸನ್ನೂ ತಾನೇ ಹುಡುಕಿಕೊಳ್ಳುತ್ತೇನೆ ಅಂದಳು. ಈ ಸಲ ಹೆದರಿದವಳು ನಾನು. ಡ್ಯೂಟಿಗೆ ಹೋಗುವ ದಾರಿಯಲ್ಲಿ, ಆಮೇಲೆ ಬ್ರೇಕ್‌ನಲ್ಲಿ ಮತ್ತೆ ಮತ್ತೆ ಫೋನ್ ಮಾಡಿದೆ, ಒಮ್ಮೆ ಮಾತ್ರ ಎತ್ತಿದಳು. "ಕಿಡಕಿ ಸೀಟ್ ಸಿಕ್ಕೈತಿ. ಸುಮ್ನ ನಿನ್ ಡ್ಯೂಟಿ ಮಾಡು," ಎಂದು ಇಟ್ಟುಬಿಟ್ಟಳು.

ನಿಮ್ಮ ಅಮ್ಮ ಮೊದಲ ಸಲ ಒಬ್ಬರೇ ಬಸ್ಸು ಹತ್ತಿದ್ದು ಯಾವಾಗ... ಯಾವತ್ತಾದರೂ ಕೇಳಿದ್ದೀರಾ?