ಹೀರೋ ಕೈಲಿ ಒದೆ ತಿಂದ ಜವರಣ್ಣ

ಒದೆ ತಿಂದದ್ದನ್ನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಮನುಷ್ಯ ನಮ್ಮ ರಾಮನಾಥಪುರದಲ್ಲಿ ಜವರಣ್ಣ ಒಬ್ಬನೇ. ತೊಂಬತ್ತರ ದಶಕದಲ್ಲಿ ಹೊಳೆದಂಡೆಗೆ ಒಂದು ಫೈಟಿಂಗ್ ಸಿನಿಮಾದ ಶೂಟಿಂಗ್ ಬಂದಿತ್ತು. ಹೊಗೆಸೊಪ್ಪಿನ ಮಾರ್ಕೆಟ್ಟಿನಲ್ಲಿ ಬೇಲುಮೂಟೆ ಹೊರುತ್ತಿದ್ದ ಜವರಣ್ಣನ ಮೈಕಟ್ಟು ನೋಡಿ ರೌಡಿಗಳ ಗುಂಪಿಗೆ ಸೇರಿಸಿಕೊಂಡರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನೂ ಅವನ ಜೊತೆಗೇ ಅಷ್ಟೇ ಭಾರ ಹೊರುತ್ತಿದ್ದೆ. ನನ್ನನ್ನು ಸಣಕಲ ಎಂದು ಕೈಬಿಟ್ಟರು.

ಸಿನಿಮಾ ಅರಕಲಗೂಡಿನ ಟಾಕೀಸಿಗೆ ಬಂದಾಗ ನಾವೆಲ್ಲ ಹೋಗಿ ಬಾಯಿ ನೋಯುವಷ್ಟು ಶಿಳ್ಳೆ ಹೊಡೆದೆವು. ಎಲ್ಲರ ಕಣ್ಣೂ ಹೀರೋನ ಮೇಲೇ ಇತ್ತು. ಜವರಣ್ಣನ ಮುಖ ಮಾತ್ರ ಎಲ್ಲೂ ಕಾಣಲಿಲ್ಲ. ಅಂದಿನಿಂದ ಅವನ ಮಾತು ನಂಬುವವರೇ ಇಲ್ಲವಾದರು.

"ಸುಳ್ಳ್ ಬುಡ್ಬೇಡ ಕಣ್ಲಾ ಜವರ, ನೀನು ಅಲ್ಲಿ ನೀರ್ ಕೊಡಕ್ ಓಗಿದ್ದೆ" ಎಂದು ಮಾರ್ಕೆಟ್ಟಿನ ಮೇಸ್ತ್ರಿ ಕಿಚಾಯಿಸುತ್ತಿದ್ದ.

"ನಗ್ರಲಾ. ಒಡೆಯೋನು ಒಬ್ಬ ಇದ್ರೆ ಆಯ್ತಾ? ಬೀಳೋನೂ ಬೇಕು. ಬೀಳದೂ ದುಡಿಮೆನೇ ಕಣ" ಎನ್ನುತ್ತಿದ್ದ ಜವರಣ್ಣ.

ಊರವರ ನಗುವಿಗಿಂತ ಅವನನ್ನು ಕೊರೆಯುತ್ತಿದ್ದುದು, ಹೆಂಡತಿ ಸಾಕಮ್ಮನೂ ನಂಬಲಿಲ್ಲವಲ್ಲ ಎಂಬುದು. ಅವಳು ಸಿನಿಮಾ ನೋಡಲು ಹೋಗಿರಲೇ ಇಲ್ಲ. "ಕಟ್ಕಂಡೋನು ಒದೆ ತಿನ್ನದ ನೋಡಕ್ಕೆ ಟಿಕೀಟ್ ಬೇರೆ ತಕಬೇಕಾ?" ಎಂದುಬಿಟ್ಟಿದ್ದಳು. ಆಮೇಲೆ ಊರವರು ಅವನು ಕಾಣಲೇ ಇಲ್ಲ ಎಂದಾಗ ಅದನ್ನೇ ನಂಬಿದಳು.

ಎಷ್ಟೋ ವರ್ಷದ ಮೇಲೆ ನನ್ನ ದುಡಿಮೆಯಲ್ಲಿ ಟಿವಿ, ಸಿಡಿ ಪ್ಲೇಯರ್ ತಂದೆ. ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರ ಆ ಸಿನಿಮಾದ ಸಿಡಿ ಸಿಕ್ಕಿತು. ಗಂಡ ಹೆಂಡತಿ ಇಬ್ಬರನ್ನೂ ಕರೆದು ಕೂರಿಸಿದೆ. ಅಂದು ಉಸಿರು ಬಿಗಿಹಿಡಿದು ನೋಡಿದ್ದ ಫೈಟು ಈಗ ನಗು ತರಿಸಿತು. ಹೀರೋ ಕಾಲೆತ್ತುವ ಮೊದಲೇ ಡಿಶುಂ ಎನ್ನುತ್ತಿತ್ತು. ಒಂದು ಒದೆಗೆ ನಾಲ್ಕು ಜನ ಹಾರುತ್ತಿದ್ದರು, ಅವನ ಕ್ರಾಪು ಮಾತ್ರ ಕೆದರುತ್ತಿರಲಿಲ್ಲ. ಜವರಣ್ಣ ಟಿವಿ ನೋಡದೆ ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

ಮಚ್ಚು ಹಿಡಿದು ನುಗ್ಗುತ್ತಿದ್ದ ರೌಡಿಗಳಲ್ಲಿ ಒಬ್ಬ, ನಮಗೆ ಬೆನ್ನು ಮಾಡಿ, ತಟ್ಟನೆ ನಿಂತ. ಚಪ್ಪಲಿ ಬಿಚ್ಚಿ ಜೋಡಿಸಿ ಪಕ್ಕಕ್ಕಿಟ್ಟು, ಆಮೇಲೆ ಒದೆಸಿಕೊಳ್ಳಲು ಓಡಿದ.

"ಅಯ್ಯೋ, ನಮ್ಮೋರೇ ಕಣಪ್ಪ. ಕೊಣನೂರ್ ಸಂತೇಲಿ ನಾನ್ ತಕ್ಕೊಟ್ಟಿದ್ದ ಒಸ ಮೆಟ್ಟು ಅದು" ಎಂದಳು ಸಾಕಮ್ಮ.

"ಕಿತ್ತೋಗಿದ್ರೆ ನೀನು ಸುಮ್ನೆ ಬುಡ್ತಿದ್ದಾ?" ಎಂದ ಜವರಣ್ಣ.

ಆಮೇಲೆ ಅವನು ಆ ಕಥೆ ಹೇಳುವುದನ್ನೇ ಬಿಟ್ಟ. ಮೇಸ್ತ್ರಿ ಕೆಣಕಿದರೆ, "ನಮ್ಮನೇಲಿ ಕೇಳೋಗು" ಎಂದು ಬೇಲುಮೂಟೆಗೆ ಹೆಗಲು ಕೊಡುತ್ತಿದ್ದ.

ಜವರಣ್ಣ ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ಸಾಕಮ್ಮ ನಮ್ಮ ಮನೆಗೆ ಬಂದು, ಆ ಸಿಡಿ ಹಾಕಪ್ಪ ಎಂದಳು. ಫೈಟು ಬಂತು. ಅವನು ಓಡತೊಡಗಿದ.

"ತಡಿ, ಬೀಳಕ್ ಮುಂಚೆ ನಿಲ್ಸು" ಎಂದಳು.

ನಿಲ್ಲಿಸಿದೆ. ಹೀರೋನ ಕಾಲು ಗಾಳಿಯಲ್ಲೇ ಉಳಿಯಿತು.