ಕಪಾಟಿನ ಕೆಳಗಿನ ಹಲಗೆ

ಸಿದ್ದೀಕಾಕನ ಊರು ಉಳ್ಳಾಲ. ಬಾಯಿ ಊರಿಗಿಂತ ದೊಡ್ಡದು. ದುಬೈಯ ಅಲ್ ಕೂಜ್‌ನ ನಮ್ಮ ಫರ್ನಿಚರ್ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷದಿಂದ ವೀಸಾದ ಕಾಗದಪತ್ರ ನೋಡಿಕೊಳ್ಳುವವರು ಅವರೇ. ಸೊಂಟದಲ್ಲಿ ಸದಾ ಒಂದು ಕೀಲಿಕೈ. ಅದು ಆಫೀಸಿನ ಕಬ್ಬಿಣದ ಕಪಾಟಿನದು, ಕಪಾಟಿನೊಳಗೆ ನಮ್ಮೆಲ್ಲರ ಪಾಸ್‌ಪೋರ್ಟು. ಹಾಗೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವೆಂದು ಅಲ್ಲಿ ಡ್ರಾಯಿಂಗ್ ಬರೆಯುವ ನನಗೂ ಗೊತ್ತಿತ್ತು. "ಜೋಪಾನಕ್ಕೆ" ಎಂದು ಧಣಿಗಳು ಹೇಳುತ್ತಿದ್ದರು, ನಾವು ಕತ್ತೆಗಳ ಹಾಗೆ ತಲೆ ಆಡಿಸುತ್ತಿದ್ದೆವು.

ಧಣಿಗಳು ಇಬ್ಬರು. ಅಣ್ಣ ಬದ್ರುದ್ದೀನ್ ಹಾಜಿ ನಮ್ಮಲ್ಲಿ, ತಮ್ಮ ಶಮೀರ್ ಅಬುಧಾಬಿಯ ವರ್ಕ್‌ಶಾಪಿನಲ್ಲಿ. ಹೋದ ವರ್ಷ ಶಮೀರ್ ಪಾಲು ಕೇಳಿದ, ಅಂತರ್ಯುದ್ಧ ಶುರುವಾಯಿತು. ಎರಡು ವಾರ ಹಲ್ಲು ಕಡಿದ ಮೇಲೆ ಹಾಜಿಯವರಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು: ಅಬುಧಾಬಿಯ ಮೂವತ್ತು ಜನರಿಗೆ ಪಾಸ್‌ಪೋರ್ಟ್ ವಾಪಸ್! ಅವರು ಬೇರೆ ಕೆಲಸ ಹಿಡಿದರೆ ಶಮೀರನ ವರ್ಕ್‌ಶಾಪು ಖಾಲಿ. ಶುಕ್ರವಾರ ಅವರನ್ನು ಬಸ್ಸಿನಲ್ಲಿ ಕರೆಸಿ, ಬಿರಿಯಾನಿ ಹಾಕಿಸಿ, "ಮನುಷ್ಯರನ್ನು ಕಟ್ಟಿಹಾಕುವುದು ಹರಾಂ" ಎಂದು ಭಾಷಣ ಮಾಡಿದರು. ಅವರ ಪಾಸ್‌ಪೋರ್ಟು ಇದ್ದದ್ದು ಕಪಾಟಿನ ಮೇಲಿನ ಹಲಗೆಯಲ್ಲಿ. ಅಲ್ ಕೂಜ್‌ನ ನಾವು ನಲವತ್ತು ಜನ ಕೆಳಗಿನ ಹಲಗೆಯವರು, ಅಲ್ಲಿಯವರೆಗೆ ಬಗ್ಗಲು ಹಾಜಿಯವರ ಕರುಣೆಗೆ ಸೊಂಟನೋವು.

ಗೇಬ್ರಿಯಲ್ ನಮ್ಮ ಬಡಗಿ. ಊರಾದ ಶಿರ್ವದಲ್ಲಿ ಅವನ ಹೆಂಡತಿಗೆ ಚೊಚ್ಚಲ ಹೆರಿಗೆ, ಹತ್ತೇ ದಿನ ಬಾಕಿ. ರಜೆ ಕೇಳಿದಾಗಲೆಲ್ಲ ಹಾಜಿಯವರು, ವಿಲ್ಲಾದ ಕೆಲಸ ಮುಗಿಯಲಿ ಎಂದಿದ್ದರು. ಬಿರಿಯಾನಿ ತಿಂದ ಕೈಯಲ್ಲೇ ಅವನು ಸಿದ್ದೀಕಾಕನ ಹತ್ತಿರ ಬಂದ.

"ಅವ್ರೆಲ್ಲ ಮನುಷ್ಯರು, ನಾವು ಎಂತ ಪ್ಲೈವುಡ್ಡಾ ಸಿದ್ದೀಕಾಕ?"

"ನನ್ನತ್ರ ಹೇಳಿ ಎಂತ ಪ್ರಯೋಜನ ಮಾರಾಯ? ಹಾಜಿಯಾರ್ ಹತ್ರ ಕೇಳು."

ಸಂಜೆ ಕಂಪನಿಯ ವಾಟ್ಸಾಪ್ ಗುಂಪಿಗೂ ಹಾಜಿಯವರ ಫೇಸ್‌ಬುಕ್ಕಿಗೂ ಭಾಷಣದ ಮಾತಿನ ಜೊತೆ ಫೋಟೋ ಬಂತು. ಪಾಸ್‌ಪೋರ್ಟ್ ಹಂಚಿದ್ದು ಸಿದ್ದೀಕಾಕ. ಫೋಟೋ ತುಂಬ ಇದ್ದದ್ದು ಹಾಜಿಯವರ ಮೋರೆ. ಸಿದ್ದೀಕಾಕನನ್ನು ಮೊಣಕೈಗೇ ಕತ್ತರಿಸಿ ಕೈ ಮಾತ್ರ ಉಳಿಸಿದ್ದರು. ಸಿದ್ದೀಕಾಕ ಫೋನನ್ನು ಕಣ್ಣಿನ ಹತ್ತಿರ ಹಿಡಿದು, "ಈ ವಾಚು ನಂದು" ಎಂದರು.

ಮರುದಿನ ಬೆಳಿಗ್ಗೆ ಹಾಜಿಯವರು ಬರುವ ಮೊದಲೇ ಸಿದ್ದೀಕಾಕ "ಯಲ್ಲಾ, ಸಾಲಲ್ಲಿ ಬನ್ನಿ" ಎಂದು ಕೂಗಿ ಕೆಳಗಿನ ಹಲಗೆಯನ್ನೂ ಖಾಲಿ ಮಾಡಿದರು. ನನ್ನ ಪಾಸ್‌ಪೋರ್ಟು ಕೈಗೆ ಬಂದಾಗ, ನಾಚಿಕೆಯೇನು, ನನಗೆ ಅಳು ಬಂತು.

ಹಾಜಿಯವರು ಹನ್ನೊಂದಕ್ಕೆ ಬಂದು ಕೆಂಡವಾದರು. ಆದರೆ ಫೇಸ್‌ಬುಕ್ಕಿನಲ್ಲಿ ಹರಾಂ ಭಾಷಣದ ಕೆಳಗೆ ಆಗಲೇ ಅರುವತ್ತು ಜನ ಮೆಚ್ಚಿ ಮಾಷಾ ಅಲ್ಲಾ ಹಾಕಿದ್ದರು, ಅವರ ಬೀಗರೂ ಸೇರಿ. ವಾಪಸ್ ಕೇಳುವುದು ಹೇಗೆ? ಸಿದ್ದೀಕಾಕನಿಂದ ಕೀಲಿಕೈ ಕಿತ್ತುಕೊಂಡು, "ದುಬೈಯವರಿಗೂ ಕೊಟ್ಟಿದ್ದೇನೆ" ಎಂದು ಇನ್ನೊಂದು ಫೋಟೋ ಹಾಕಿದರು.

ಗೇಬ್ರಿಯಲ್ ಮತ್ತೆ ರಜೆ ಕೇಳದೆ ಸೋಮವಾರ ವಿಮಾನ ಹತ್ತಿದ. ಗುರುವಾರ ಹೆಣ್ಣು ಮಗು. ವಿಡಿಯೋದಲ್ಲಿ ಮಗುವನ್ನು ತೋರಿಸಿ, "ನೀವು ದೊಡ್ಡ ಮನುಷ್ಯರು ಸಿದ್ದೀಕಾಕ" ಎಂದು ಅತ್ತ.

ಫೋನಿಟ್ಟ ಮೇಲೆ ಸಿದ್ದೀಕಾಕ ನನ್ನ ಕಡೆ ತಿರುಗಿದರು. "ಮೇಲಿನ ಹಲಗೆ ಹಾಜಿಯಾರ ಸಿಟ್ಟಿಗೆ ಖಾಲಿ ಆದದ್ದು, ಕೆಳಗಿನದ್ದು ನನ್ನ ಸಿಟ್ಟಿಗೆ. ದೊಡ್ಡ ಮನುಷ್ಯ ಅಂತೆ!"

"ಮಗುವಿಗೆ ಅದ್ರಿಂದ ಎಂತ ಆಗ್ಲಿಕ್ಕುಂಟು ಕಾಕ? ಅಪ್ಪ ಬಂದ ಅಲ್ವಾ?" ಎಂದು ನಕ್ಕೆ.

ಅವರು ನಗಲಿಲ್ಲ. ಅಂಗಿಯ ಕಿಸೆಯಿಂದ ತಮ್ಮ ಪಾಸ್‌ಪೋರ್ಟು ತೆಗೆದು ಮೇಜಿನ ಮೇಲಿಟ್ಟರು.

"ಇದೂ ಆ ಕೆಳಗಿನ ಹಲಗೆಯಲ್ಲೇ ಇತ್ತು. ಹೆತ್ತ ಉಮ್ಮ ತೀರಿದಾಗ ರಜೆ ಕೇಳ್ಲಿಕ್ಕೆ ಹಾಜಿಯಾರ ಬಾಗಿಲಲ್ಲಿ ಎರಡು ದಿನ ನಿಂತಿದ್ದೆ. ಕೀಲಿ ನನ್ನ ಸೊಂಟದಲ್ಲೇ ಇತ್ತು."